ಆಡಳಿತಾತ್ಮಕ ಅನುಕೂಲಕ್ಕಾಗಿ ಒಂದು ಮೇಜು

ಸರ್ಕಾರಿ ನೌಕರ ಹೊಟ್ಟೆಯ ಮೇಲೆ ಹೊಡೆದರೂ ಸಹಿಸಿಕೊಂಡಾನು, ಕೂರುವ ಜಾಗಕ್ಕೆ ಕೈ ಹಾಕಿದರೆ ಮಾತ್ರ ಸುಮ್ಮನಿರಲಾರ. ಇದು ಈಗಿನ ಮಾತಲ್ಲ. ಆಫೀಸೆಂದರೆ ಟೈಪ್‌ರೈಟರಿನ ಟಕಟಕ, ಗೋಂದಿನ ವಾಸನೆ, ದಾರ ಕಟ್ಟಿದ ಫೈಲು ಎಂದಿದ್ದ ಕಾಲದ ಮಾತು. ಇಡೀ ಕಚೇರಿಗೆ ಒಂದೇ ಟೆಲಿಫೋನು, ಅದಕ್ಕೂ ಒಂದು ಪುಟ್ಟ ಬೀಗ. ಗೋಡೆ ಗಡಿಯಾರ ಬೆಳಿಗ್ಗೆ ನಿಧಾನವಾಗಿ ನಡೆದು ಸಂಜೆ ಜೋರಾಗಿ ಓಡುತ್ತಿತ್ತು. ಅದನ್ನು ಹಾಗೆ ನಡೆಸುವವನು ಜವಾನನೆಂದು ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಅವನಿಗೆ ಮನಸ್ಸಿನಲ್ಲೇ ಕೈಮುಗಿದು ಬಾಯಿ ಮುಚ್ಚಿಕೊಂಡಿದ್ದರು. ಫ್ಯಾನು ಹಾಕಿದರೆ ಕಾಗದ ಹಾರುತ್ತಿತ್ತು, ನಿಲ್ಲಿಸಿದರೆ ಕಾಗದದ ಮೇಲೆ ಬೆವರು ತೊಟ್ಟಿಕ್ಕುತ್ತಿತ್ತು. ಅಂಥ ಸುಖದ ದಿನಗಳು ಇನ್ನು ಬರುತ್ತವೆಯೇ? ಬಿಡಿ.

ಆ ಕಚೇರಿಯ ದೊಡ್ಡ ಹಾಲಿನಲ್ಲಿ, ಕಿಟಕಿಯ ಪಕ್ಕದ ಮೇಜಿನ ಹಿಂದೆ ರೂಲ್ಸಣ್ಣ ಕೂರುತ್ತಿದ್ದ. ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು, ಸಂಬಳದ ದಿನ ಬಿಟ್ಟರೆ ಅದು ಯಾರ ಬಾಯಿಗೂ ಬರುತ್ತಿರಲಿಲ್ಲ. ಸೇವಾ ನಿಯಮಗಳ ಕೆಂಪು ರಟ್ಟಿನ ಪುಸ್ತಕವೊಂದು ಸದಾ ಅವನ ಬಗಲಲ್ಲಿರುತ್ತಿತ್ತು. ಬೆಳಿಗ್ಗೆ ಅದು ಓದಲು, ಮಧ್ಯಾಹ್ನ ಊಟವಾದ ಮೇಲೆ ತಲೆಯಿಡಲು. ಯಾರಾದರೂ ಸೀನಿದರೂ ಅದಕ್ಕೆ ಅನ್ವಯಿಸುವ ನಿಯಮ ಯಾವುದೆಂದು ರೂಲ್ಸಣ್ಣ ಹೇಳಬಲ್ಲವನಾಗಿದ್ದ. ತನ್ನ ಮದುವೆಯ ದಿನ ರಜೆ ಮಂಜೂರಾದ ಆದೇಶ ಕೈಗೆ ಬರುವವರೆಗೆ ಮದುವೆಮನೆಯ ಬಾಗಿಲಲ್ಲೇ ನಿಂತಿದ್ದನಂತೆ. ಈ ಮಾತನ್ನು ಅವನ ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು. "ನಿಜ ಹೇಳ್ಬೇಕಂದ್ರೆ ಆವತ್ತೇ ನಾನು ಹಿತ್ತಲ ಬಾಗಿಲಿಂದ ಓಡಿಹೋಗ್ಬೇಕಿತ್ತು," ಎಂದು ಕೊನೆಗೆ ಒಂದು ಮಾತು ಸೇರಿಸುತ್ತಿದ್ದಳು.

ಇಂಥ ಮನುಷ್ಯನಿಗೆ ಸರ್ಕಾರ ಕೊಟ್ಟ ಕೆಲಸವಾದರೂ ಯಾವುದು? ನೌಕರರ ಕುಂದುಕೊರತೆ. ಯಾರಿಗೆ ಏನು ಅನ್ಯಾಯವಾದರೂ ಅರ್ಜಿ ಕೊನೆಗೆ ಇವನ ಮೇಜಿಗೇ ಬರಬೇಕು. ಇವನು ಅದನ್ನು ಬೆಳಕಿಗೆ ಹಿಡಿದು, ನಕಲು ಇಲ್ಲ, ಅಂಚು ಬಿಟ್ಟಿಲ್ಲ, ಸಹಿಯ ಕೆಳಗೆ ದಿನಾಂಕವಿಲ್ಲ ಎಂದು ಷರಾ ಬರೆದು ಹಿಂದಕ್ಕೆ ಕಳಿಸುತ್ತಿದ್ದ. ಹೀಗೆ ಅವನ ಕಾಲದಲ್ಲಿ ಆ ಕಚೇರಿಯಲ್ಲಿ ಕುಂದುಕೊರತೆಯೇ ಇಲ್ಲದಂತಾಗಿತ್ತು.

ಅವನ ಎದುರಿನ ಮೇಜಿನವನು ಮೌನಿ. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಒಬ್ಬ ಬಾಯಿ ಮುಚ್ಚುತ್ತಿರಲಿಲ್ಲ, ಇನ್ನೊಬ್ಬ ತೆರೆಯುತ್ತಿರಲಿಲ್ಲ, ಆದ್ದರಿಂದ ಜಗಳಕ್ಕೆ ಅವಕಾಶವೇ ಇರಲಿಲ್ಲ. ಮೌನಿ ಇಡೀ ದಿನದಲ್ಲಿ ಆಡುವ ಮಾತನ್ನು ಒಂದು ಪೋಸ್ಟ್ ಕಾರ್ಡಿನ ಹಿಂದೆ ಬರೆಯಬಹುದಿತ್ತು. ಮಧ್ಯಾಹ್ನದ ಗಂಟೆ ಹೊಡೆದ ಕೂಡಲೇ ಇಬ್ಬರೂ ಮೇಜು ಜೋಡಿಸಿ ಡಬ್ಬಿ ಬದಲಾಯಿಸಿಕೊಳ್ಳುತ್ತಿದ್ದರು. ರೂಲ್ಸಣ್ಣನ ಮನೆಯ ಡಬ್ಬಿ ಮೌನಿಗೆ, ಮೌನಿಯ ಮನೆಯ ಡಬ್ಬಿ ರೂಲ್ಸಣ್ಣನಿಗೆ. ಮೊದಲ ದಿನ ಜವಾನ ಅದಲುಬದಲು ಮಾಡಿ ಇಟ್ಟುಬಿಟ್ಟಿದ್ದ. ಅದೇ ರೂಢಿಯಾಗಿ ಇಬ್ಬರ ತಲೆ ಬೆಳ್ಳಗಾಗುವವರೆಗೆ ನಡೆದು ಬಂದಿತ್ತು. ಎರಡು ವರ್ಷದ ಹಿಂದೆ ಮೌನಿಯ ಹೆಂಡತಿ ತೀರಿಕೊಂಡಳು. ಅಂದಿನಿಂದ ಮೌನಿ ತಾನೇ ಸ್ಟವ್ ಹಚ್ಚಿ ಡಬ್ಬಿ ತುಂಬಿ ತರುತ್ತಿದ್ದ. ಆ ಅಡುಗೆ ಹೇಗಿರುತ್ತಿತ್ತೆಂದು ರೂಲ್ಸಣ್ಣ ಯಾರಿಗೂ ಹೇಳಲಿಲ್ಲ. ಡಬ್ಬಿ ಮಾತ್ರ ಖಾಲಿಯಾಗಿ ವಾಪಸು ಹೋಗುತ್ತಿತ್ತು.

ಹೀಗಿರುವಾಗ ಸರ್ಕಾರಕ್ಕೆ ಏನು ತೋಚಿತೋ, ಮೌನಿಗೆ ಬಡ್ತಿ ಕೊಟ್ಟು ಸೂಪರಿಂಟೆಂಡೆಂಟ್ ಮಾಡಿತು. ಸೂಪರಿಂಟೆಂಡೆಂಟಿಗೆ ಹಾಲಿನ ಕೊನೆಯಲ್ಲಿ ಪ್ರತ್ಯೇಕ ಕೊಠಡಿ. ಅದಕ್ಕೆ ಬಾಗಿಲು, ಬಾಗಿಲಿಗೆ ಹಸಿರು ಪರದೆ. ಮೊದಲ ದಿನ ಮಧ್ಯಾಹ್ನ ಮೌನಿ ಎಂದಿನಂತೆ ಡಬ್ಬಿ ಹಿಡಿದುಕೊಂಡು ಹಾಲಿಗೆ ಬಂದ. ರೂಲ್ಸಣ್ಣ ದಡಕ್ಕನೆ ಎದ್ದು ನಿಂತು, ಕೈ ಕಟ್ಟಿಕೊಂಡು, "ಸಾರ್, ತಾವು ಇಲ್ಲಿಗೆ ಬರಬಾರದು," ಎಂದ.

ಮೌನಿ ಹಿಂದೆ ತಿರುಗಿ ನೋಡಿದ. ಯಾರನ್ನು ಸಾರ್ ಎನ್ನುತ್ತಿದ್ದಾನೆಂದು ಅವನಿಗೆ ತಿಳಿಯಲಿಲ್ಲ.

"ತಾವೇ ಸಾರ್. ಮೇಲಧಿಕಾರಿಗಳು ಹಾಲಿಗೆ ಬಂದು ಗುಮಾಸ್ತರ ಜೊತೆ ಊಟಕ್ಕೆ ಕೂತರೆ ಶಿಸ್ತು ಹಾಳಾಗುತ್ತೆ."

"ಹಂಗಾದ್ರೆ ನೀನೇ ಒಳಗೆ ಬಾ."

"ಅದೂ ಆಗಲ್ಲ ಸಾರ್. ಕೈಕೆಳಗಿನ ನೌಕರ ಮೇಲಧಿಕಾರಿ ಕೊಠಡೀಲಿ ಊಟ ಮಾಡಬಾರದು. ಪುಸ್ತಕದಲ್ಲಿದೆ. ತೋರಿಸಲಾ?"

ಮೌನಿ ಬೇಡವೆಂದು ತಲೆಯಾಡಿಸಿ, ಡಬ್ಬಿ ಹಿಡಿದುಕೊಂಡು ಹಸಿರು ಪರದೆಯ ಹಿಂದೆ ಹೋದ. ಗೆಳೆಯನ ಬಡ್ತಿಗೆ ತಕ್ಕ ಗೌರವ ಕೊಟ್ಟೆನೆಂದು ರೂಲ್ಸಣ್ಣನ ಎದೆ ಉಬ್ಬಿತು. ಅಂದು ತನ್ನ ಡಬ್ಬಿಯನ್ನು ತಾನೇ ಬಿಚ್ಚಿ ತಿಂದ. ಒಂದು ಹರಳು ಉಪ್ಪಿರಲಿಲ್ಲ. ಮರುದಿನವೂ ಇರಲಿಲ್ಲ, ಅದರ ಮರುದಿನವೂ ಇರಲಿಲ್ಲ.

ಕೆಲವು ವಾರ ಕಳೆದು ಒಂದು ಸೋಮವಾರ ರೂಲ್ಸಣ್ಣ ಕಚೇರಿಗೆ ಬಂದು ನೋಡುತ್ತಾನೆ, ಕಿಟಕಿ ಇದೆ, ಮೇಜಿಲ್ಲ! ನೆಲದಲ್ಲಿ ಮೇಜಿನ ನಾಲ್ಕು ಕಾಲಿನ ಗುರುತು ಮಾತ್ರ ಉಳಿದಿತ್ತು.

"ಏಯ್ ಜವಾನ! ನನ್ನ ಮೇಜೆಲ್ಲೋ?"

ಜವಾನ ಗಡಿಯಾರಕ್ಕೆ ಕೀಲಿ ಕೊಡುತ್ತ ಏಣಿಯ ಮೇಲಿದ್ದ. ಅಲ್ಲಿಂದಲೇ ಕೈ ತೋರಿಸಿದ. "ಅಗೋ ಅಲ್ಲಿ. ಸೂಪರಿಂಟೆಂಡೆಂಟ್ ಸಾಹೇಬರ ಬಾಗಿಲ ಹತ್ರ. ನನ್ನ ಸ್ಟೂಲು ಇತ್ತಲ್ಲ, ಆ ಜಾಗದಲ್ಲಿ."

"ನಿನ್ನ ಸ್ಟೂಲಿನ ಜಾಗದಲ್ಲಿ ನಾನಾ?"

"ಬೇಜಾರು ಮಾಡ್ಕೋಬೇಡಿ. ಒಳ್ಳೆ ಜಾಗ. ಚಳಿಗಾಲದಲ್ಲಿ ಬೆಚ್ಚಗಿರುತ್ತೆ. ಸಾಹೇಬರು ಗಂಟೆ ಹೊಡೆದ್ರೆ ಮಾತ್ರ ಏಳ್ಬೇಡಿ, ಅದು ನನಗೆ."

ರೂಲ್ಸಣ್ಣ ಹತ್ತಿರ ಹೋಗಿ ನೋಡಿದ. ಮೇಜು ಬಾಗಿಲ ಹತ್ತಿರವಲ್ಲ, ಬಾಗಿಲಲ್ಲೇ ಇತ್ತು. ಅರ್ಧ ಹೊಸ್ತಿಲಿನ ಈಚೆ, ಅರ್ಧ ಹೊಸ್ತಿಲಿನ ಆಚೆ. ಹಸಿರು ಪರದೆ ಅವನ ಇಂಕಿನ ಬಾಟಲಿಯ ಮೇಲೆ ಮುದುರಿ ಕೂತಿತ್ತು. ಮೇಜಿನ ಮೇಲೆ ಒಂದು ಆದೇಶ, ಮೌನಿಯ ಗುಂಡು ಅಕ್ಷರ. ಅದರಲ್ಲಿ ಒಂದೇ ಸಾಲು: "ಆಡಳಿತಾತ್ಮಕ ಅನುಕೂಲಕ್ಕಾಗಿ ಸದರಿ ಮೇಜನ್ನು ಸ್ಥಳಾಂತರಿಸಲಾಗಿದೆ."

ಆಡಳಿತಾತ್ಮಕ ಅನುಕೂಲ! ಈ ಎರಡು ಪದಗಳ ಅರ್ಥ ರೂಲ್ಸಣ್ಣನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಾರಣ ಹೇಳಲು ಮುಖವಿಲ್ಲದಾಗ ಬರೆಯುವ ಪದಗಳು ಅವು. ಅವನ ಕಿವಿ ಕೆಂಪಾಯಿತು. ಇನ್ನೊಂದು ವರ್ಷಕ್ಕೆ ನಿವೃತ್ತಿ. ಕಿಟಕಿಯಾಚೆಯ ಮರ, ಮರದ ಕೆಳಗಿನ ಸೈಕಲ್ ಸ್ಟ್ಯಾಂಡು, ಮಧ್ಯಾಹ್ನ ಗಲಾಟೆ ಮಾಡುತ್ತ ಹೋಗುವ ಶಾಲೆಯ ಮಕ್ಕಳು, ಇವನ್ನೆಲ್ಲ ನೋಡುತ್ತಲೇ ಮುದುಕನಾದವನನ್ನು ಕೊನೆಯ ವರ್ಷದಲ್ಲಿ ಬಾಗಿಲು ಕಾಯಲು ಕೂರಿಸುವುದೇ? ಅದೂ ಯಾರು? ಮೌನಿ! ಅವನಿಗೆ ನಿಜವಾಗಿಯೂ ಅಳು ಬಂತು. ಕಚೇರಿ ವೇಳೆಯಲ್ಲಿ ಅಳಬಹುದೇ ಎಂಬುದು ಪುಸ್ತಕದಲ್ಲಿ ಸ್ಪಷ್ಟವಿರಲಿಲ್ಲವಾದ್ದರಿಂದ ತಡೆದುಕೊಂಡ.

ಅಂದು ಸಂಜೆ ಮನೆಯಲ್ಲಿ ಸಭೆ ಸೇರಿತು. ಹೆಂಡತಿಯ ತಮ್ಮ ಹೊಸ ವಕೀಲ. ಕರಿ ಕೋಟಿತ್ತು, ಬೋರ್ಡಿತ್ತು, ಕೇಸೊಂದಿರಲಿಲ್ಲ. ಭಾವನ ಮೇಜು ಹೋಯಿತೆಂದು ಕೇಳಿದವನ ಮುಖ ಅರಳಿತು.

"ಭಾವಾ, ಇದನ್ನ ಬರೀ ಮೇಜು ಅಂದ್ಕೋಬೇಡಿ. ಇದು ಸೇವಾ ವಿವಾದ!"

"ಹೌದಾ?" ಎಂದ ರೂಲ್ಸಣ್ಣ. ಅಷ್ಟು ದೊಡ್ಡ ಹೆಸರು ಕೇಳಿ ಅವನ ನೋವು ಅರ್ಧ ಇಳಿಯಿತು.

"ಮತ್ತೆ? ದಾರಿ ಎಷ್ಟಿವೆ ಅಂತೀರಿ! ಮೊದಲು ಇಲಾಖೆಗೆ ಮನವಿ. ಕೇಳಲಿಲ್ವಾ, ಮೇಲ್ಮನವಿ. ಅದಕ್ಕೂ ಕೇಳಲಿಲ್ವಾ, ಸರ್ಕಾರಿ ನೌಕರರ ವ್ಯಾಜ್ಯಕ್ಕೆ ಅಂತಲೇ ನ್ಯಾಯಮಂಡಳಿ ಇದೆ. ಅಲ್ಲೂ ಸೋತ್ರೆ ಹೈಕೋರ್ಟು. ನಾನಿರೋವಾಗ ನೀವ್ಯಾಕೆ ಹೆದರ್ತೀರಿ?"

"ನೀನಿರೋದಕ್ಕೇ ಹೆದರಿಕೆ," ಎಂದಳು ಅಕ್ಕ. "ಅಲ್ರೀ, ನಾಳೆ ಬೆಳಿಗ್ಗೆ ಹೋಗಿ ಯಾಕೋ ಹಿಂಗೆ ಮಾಡ್ದೆ ಅಂತ ಮೌನಿ ಅಣ್ಣನ್ನೇ ಕೇಳಿದ್ರಾಗಲ್ವಾ?"

ಭಾವ ಭಾವಮೈದ ಇಬ್ಬರೂ ಅವಳನ್ನು ಕನಿಕರದಿಂದ ನೋಡಿದರು.

"ಬಾಯಲ್ಲಿ ಕೇಳೋದಾ?" ಎಂದ ರೂಲ್ಸಣ್ಣ. "ದಾಖಲೆ ಎಲ್ಲಿರುತ್ತೆ?"

"ಆಯ್ತಪ್ಪ, ದಾಖಲೆ ಮಾಡ್ಕೊಂಡು ಸಾಯ್ರಿ. ಊಟಕ್ಕೇಳಿ."

"ಊಟ ಅಂದ್ಯಲ್ಲ, ಅದೂ ಕೇಳ್ಬೇಕಿತ್ತು. ಮಧ್ಯಾಹ್ನದ ಡಬ್ಬಿಗೆ ಉಪ್ಪು ಹಾಕೋದೇ ಮರೆತಿದೀಯಲ್ಲ?"

"ಯಾಕೆ ಮರೀತೀನಿ? ಮೌನಿ ಅಣ್ಣನಿಗೆ ಡಾಕ್ಟರು ಉಪ್ಪು ಬೇಡ ಅಂದಿಲ್ವಾ? ಡಬ್ಬಿ ಅವರದ್ದು ತಾನೇ?" ಎಂದವಳು ಸೌಟು ಹಿಡಿದುಕೊಂಡೇ ನಿಂತಳು. "ಅಂದ್ರೆ ನೀವೇ ತಿಂತಿದೀರಾ? ಹಂಗಾದ್ರೆ ಅವರೇನು ತಿಂತಿದಾರೆ?"

ರೂಲ್ಸಣ್ಣ ಮನವಿಯ ಕರಡು ಬರೆಯಲು ಕೂತ. ಪಕ್ಕದಲ್ಲಿ ಕೂತ ಭಾವಮೈದ ಒಂದೊಂದೇ ಮಸಾಲೆ ಸೇರಿಸಿದ. "ಮೇಜು ಸರಿಸಿದ್ದಾರೆ" ಎಂಬುದು "ದುರುದ್ದೇಶದಿಂದ ಸರಿಸಿದ್ದಾರೆ" ಎಂದಾಯಿತು. "ಬೇಸರವಾಗಿದೆ" ಎಂಬುದು "ಮಾನಸಿಕ ಹಿಂಸೆಯಾಗಿದೆ" ಎಂದಾಯಿತು. "ಅರ್ಧ ಮೇಜು ಹಾಲಿನಲ್ಲಿ, ಅರ್ಧ ಮೇಜು ಕೊಠಡಿಯಲ್ಲಿ ಇರುವುದರಿಂದ ನಾನು ಯಾರ ವ್ಯಾಪ್ತಿಯಲ್ಲಿ ಕೂತಿದ್ದೇನೆಂದು ತಿಳಿಯದಾಗಿದೆ" ಎಂಬುದನ್ನು ಮಾತ್ರ ರೂಲ್ಸಣ್ಣನೇ ಸ್ವಂತ ಬುದ್ಧಿಯಿಂದ ಬರೆದ.

ಪಕ್ಕದ ಮನೆಗೂ ಇವರ ಮನೆಗೂ ನಡುವೆ ಒಂದೇ ಗೋಡೆ, ಆ ಗೋಡೆಗೆ ಒರಗಿ ಕೂರುವುದು ಆ ಮನೆಯ ಅಜ್ಜಿಯ ಅಭ್ಯಾಸ. ಮೇಜು, ಹಿಂಸೆ, ಹೈಕೋರ್ಟು, ಮೂರೇ ಪದ ಅಜ್ಜಿಯ ಕಿವಿಗೆ ಬಿದ್ದದ್ದು. ಅಷ್ಟು ಸಾಕಾಯಿತು. ಬೆಳಗಾಗುವುದರೊಳಗೆ ರೂಲ್ಸಣ್ಣ ಮೇಜೆತ್ತಿ ಮೇಲಧಿಕಾರಿಯ ತಲೆಯ ಮೇಲೆ ಹಾಕಿದ್ದಾನೆಂದು ಬೀದಿಯಲ್ಲೆಲ್ಲ ಸುದ್ದಿ. ಅಜ್ಜಿಯೇ ಬಂದು ಹೆಂಡತಿಯ ಕೈ ಹಿಡಿದು, "ಧೈರ್ಯವಾಗಿರು ತಾಯಿ. ನಮ್ಮ ಮಾವನೂ ಒಳಗೆ ಹೋಗಿ ಬಂದವರೇ. ದಪ್ಪ ಆಗಿ ಬಂದ್ರು," ಎಂದಳು. ಕ್ಷೌರಕ್ಕೆ ಹೋದರೆ ಕ್ಷೌರದವನು ಕತ್ತಿಯನ್ನು ಇವನ ಕೈಗೆಟುಕದ ಕಡೆ ಇಟ್ಟು, ಕೇಳಿದಂತೆಯೇ ಕತ್ತರಿಸಿದ. ಎದುರು ಮನೆಯ ನಿವೃತ್ತ ಮೇಷ್ಟರು ಮಾತ್ರ ರಸ್ತೆ ದಾಟಿ ಬಂದು ಕೈ ಕುಲುಕಿದರು. "ನನಗೂ ಮೂವತ್ತು ವರ್ಷ ಅದೇ ಆಸೆ ಇತ್ತು ಕಣಯ್ಯ, ಹೆಡ್ ಮೇಷ್ಟ್ರ ಮೇಲೆ. ಧೈರ್ಯ ಬರಲಿಲ್ಲ," ಎಂದು ಕಣ್ಣೊರೆಸಿಕೊಂಡರು. ಹಾಗಲ್ಲ ಮೇಷ್ಟ್ರೇ ಎನ್ನಲು ಬಾಯಿ ತೆರೆದ ರೂಲ್ಸಣ್ಣ, ಇಷ್ಟು ಗೌರವ ಜನ್ಮದಲ್ಲಿ ಸಿಕ್ಕಿರಲಿಲ್ಲವಾದ್ದರಿಂದ, ಮುಚ್ಚಿದ.

ಇತ್ತ ಮನವಿಯ ಕಥೆ ಕೇಳಿ. ನೌಕರ ತನ್ನ ದೂರನ್ನು ನೇರವಾಗಿ ಮೇಲಕ್ಕೆ ಕೊಡುವ ಹಾಗಿಲ್ಲ, ತನ್ನ ಮೇಲಧಿಕಾರಿಯ ಮೂಲಕವೇ ಕೊಡಬೇಕು. ದೂರು ಆ ಮೇಲಧಿಕಾರಿಯ ಮೇಲೆಯೇ ಇದ್ದರೂ ಹಾಗೆಯೇ. ಆದ್ದರಿಂದ ರೂಲ್ಸಣ್ಣ ಮೇಜಿನ ಈಚೆ ತುದಿಯಿಂದ ಆಚೆ ತುದಿಗೆ ಮನವಿಯನ್ನು ಸರಿಸಿದ. ಪರದೆಯಾಚೆಯಿಂದ ಮೌನಿಯ ಕೈ ಬಂದು ಅದನ್ನು ತೆಗೆದುಕೊಂಡಿತು. ಆಮೇಲೆ ಕಾಗದ "ಮುಂದಿನ ಕ್ರಮಕ್ಕಾಗಿ" ಎಂದು ಬರೆಸಿಕೊಂಡು ದೊಡ್ಡ ಸಾಹೇಬರ ಕೊಠಡಿಗೆ ಹೋಯಿತು.

ದೊಡ್ಡ ಸಾಹೇಬರು ತಮ್ಮ ವರ್ಗಾವಣೆಯನ್ನೇ ಕಾಯುತ್ತ ಕೂತವರು. ತಮ್ಮ ಮುಂದೆ ಏನೇ ಬಂದರೂ ಅದರ ಮೇಲೆ "ಪರಿಶೀಲಿಸಿ ಮಂಡಿಸಿ" ಎಂದು ಬರೆಯುತ್ತಿದ್ದರು. ಒಮ್ಮೆ ಟೈಪಿಸ್ಟು ಕೊಟ್ಟ ಮದುವೆಯ ಕರೆಯೋಲೆಯ ಮೇಲೂ ಹಾಗೆಯೇ ಬರೆದಿದ್ದರು. ಇದರ ಮೇಲೂ ಬರೆದರು. ಪರಿಶೀಲಿಸಿ ಮಂಡಿಸಬೇಕಾದವರು ಯಾರು? ಕುಂದುಕೊರತೆಯ ಗುಮಾಸ್ತ. ಸಂಜೆಗೆ ಜವಾನ ರೂಲ್ಸಣ್ಣನ ಮನವಿಯನ್ನು ತಂದು ರೂಲ್ಸಣ್ಣನ ಮೇಜಿನ ಮೇಲೇ ಇಟ್ಟ.

ಬೇರೆ ಯಾರೇ ಆಗಿದ್ದರೂ ಆಗ ನಕ್ಕು ಆ ಕಾಗದವನ್ನು ಹರಿದು ಹಾಕುತ್ತಿದ್ದರು. ರೂಲ್ಸಣ್ಣ ಕನ್ನಡಕ ಒರೆಸಿಕೊಂಡು ಅರ್ಜಿಯನ್ನು ಬೆಳಕಿಗೆ ಹಿಡಿದ. ನಕಲು ಲಗತ್ತಿಸಿಲ್ಲ! ಎಡ ಅಂಚು ಸಾಲದು! "ಅರ್ಜಿದಾರರು ನಿಯಮಗಳ ಪ್ರಾಥಮಿಕ ಜ್ಞಾನವಿಲ್ಲದವರಂತೆ ಕಾಣುತ್ತದೆ" ಎಂದು ಷರಾ ಬರೆದು, ಅರ್ಜಿಯನ್ನು ಅರ್ಜಿದಾರನಿಗೆ ವಾಪಸು ಕಳಿಸಿದ. ಕಳಿಸಲೇಬೇಕಲ್ಲ? ಜವಾನ ಅದನ್ನು ಮೇಜಿನ ಬಲಗಡೆಯಿಂದ ಎತ್ತಿ, ಒಂದು ಸುತ್ತು ಹಾಕಿ ಬಂದು, ಎಡಗಡೆ ಇಟ್ಟ. ಓದಿದ ರೂಲ್ಸಣ್ಣನ ಮೈಯೆಲ್ಲ ಉರಿಯಿತು.

"ಪ್ರಾಥಮಿಕ ಜ್ಞಾನ ಇಲ್ಲ ಅಂತೆ! ಯಾವನೋ ಇದನ್ನ ಬರೆದೋನು?"

"ನೀವೇ," ಎಂದ ಜವಾನ.

"ಗೊತ್ತು ಬಿಡೋ. ಆದ್ರೂ ಬರೆಯೋದಕ್ಕೊಂದು ಮರ್ಯಾದೆ ಬೇಡ್ವಾ?"

ತಿದ್ದಿ ಮತ್ತೆ ಸಲ್ಲಿಸಿದ. ಮತ್ತೆ ಆಕ್ಷೇಪಣೆ ಬಂತು. ಉತ್ತರ ತಡವಾಯಿತೆಂದು ಗುಮಾಸ್ತ ರೂಲ್ಸಣ್ಣ ಅರ್ಜಿದಾರ ರೂಲ್ಸಣ್ಣನಿಗೆ ಜ್ಞಾಪನ ಕಳಿಸಿದ. ಗುಮಾಸ್ತ ಬೇಕೆಂದೇ ಸತಾಯಿಸುತ್ತಿದ್ದಾನೆಂದು ಅರ್ಜಿದಾರ ದೊಡ್ಡ ಸಾಹೇಬರಿಗೆ ಇನ್ನೊಂದು ದೂರು ಕೊಟ್ಟ. ಅದರ ಮೇಲೆ ಸಾಹೇಬರು "ಪರಿಶೀಲಿಸಿ ಮಂಡಿಸಿ" ಎಂದು ಬರೆದರು. ಜವಾನ ಸುತ್ತು ಹಾಕಿ ಹಾಕಿ ಸೋತು, "ಅಣ್ಣಾ, ನಿಮ್ಮಿಬ್ಬರ ಜಗಳದಲ್ಲಿ ನನ್ನ ಚಪ್ಪಲಿ ಸವೀತಿದೆ. ಕೂತು ಮಾತಾಡಿ ರಾಜಿ ಮಾಡ್ಕೊಳ್ಳಿ," ಎಂದು ಬೇಡಿಕೊಂಡ.

ಇದೆಲ್ಲ ನಡೆಯುವಾಗ ಮಧ್ಯಾಹ್ನದ ಗಂಟೆ ದಿನವೂ ಹೊಡೆಯುತ್ತಿತ್ತು. ಗಂಟೆ ಹೊಡೆದ ಕೂಡಲೇ ಪರದೆ ಸ್ವಲ್ಪ ಸರಿಯುತ್ತಿತ್ತು, ಮೇಜಿನ ಆಚೆ ತುದಿಯಲ್ಲಿ ಒಂದು ಡಬ್ಬಿ ಕಾಣಿಸಿಕೊಳ್ಳುತ್ತಿತ್ತು. ದಾವೆ ಹೂಡಿದವನು ಎದುರುಪಕ್ಷದವನ ಡಬ್ಬಿ ನೋಡಬಾರದೆಂದು ರೂಲ್ಸಣ್ಣ ತನ್ನ ಡಬ್ಬಿ ಎತ್ತಿಕೊಂಡು ಸೈಕಲ್ ಸ್ಟ್ಯಾಂಡಿಗೆ ಹೋಗಿ ಒಬ್ಬನೇ ತಿಂದು ಬರುತ್ತಿದ್ದ. ಹೆಂಡತಿಯೋ ಹಟಮಾರಿ. ಉಪ್ಪು ಹಾಕುತ್ತಲೇ ಇರಲಿಲ್ಲ.

ಇಲಾಖೆಯಲ್ಲಿ ನ್ಯಾಯ ಸಿಗುವ ಲಕ್ಷಣವಿಲ್ಲವೆಂದು ಭಾವಮೈದ ಅವನನ್ನು ನ್ಯಾಯಮಂಡಳಿಗೆ ಕರೆದುಕೊಂಡು ಹೋದ. ಅಲ್ಲಿ ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಹಿಂದೆ ಒಬ್ಬ ಮುದಿ ಗುಮಾಸ್ತ. ಅವನ ಬಗಲಲ್ಲೂ ಕೆಂಪು ರಟ್ಟಿನ ಪುಸ್ತಕ. ಅರ್ಜಿಯನ್ನು ಬೆಳಕಿಗೆ ಹಿಡಿದು ನೋಡಿ, "ಇಲಾಖೆಯೊಳಗಿನ ದಾರಿ ಎಲ್ಲಾ ಮುಗಿಸಿ ಬಂದಿದೀರಾ?" ಎಂದ.

"ಅಲ್ಲೇ ಸಿಕ್ಕಾಕ್ಕೊಂಡಿದೆ ಸ್ವಾಮಿ. ಅಲ್ಲಿನ ಗುಮಾಸ್ತ ಬಿಡ್ತಿಲ್ಲ."

"ಅವನು ಅರ್ಜಿ ಇತ್ಯರ್ಥ ಮಾಡೋ ತನಕ ನಾವು ಮುಟ್ಟೋ ಹಾಗಿಲ್ಲ. ಬೇಗ ಮುಗಿಸು ಅಂತ ಹೋಗಿ ಅವನಿಗೆ ಹೇಳಿ. ಅಂದ ಹಾಗೆ ನಿಮ್ಮ ಎಡ ಅಂಚು ಬಹಳ ಚೆನ್ನಾಗಿದೆ."

ತಿರುಗಿ ಬರುವಾಗ ಬಸ್ಸಿನಲ್ಲಿ ಭಾವಮೈದ ಹಲ್ಲು ಕಡಿಯುತ್ತಿದ್ದ. ರೂಲ್ಸಣ್ಣನ ಮುಖದಲ್ಲಿ ಮಾತ್ರ ತೃಪ್ತಿಯಿತ್ತು. "ಎಷ್ಟು ಅಚ್ಚುಕಟ್ಟಾಗಿ ವಾಪಸು ಮಾಡ್ದ ನೋಡು! ಕೆಲಸ ಅಂದ್ರೆ ಅದಪ್ಪಾ," ಎಂದ.

ಅಷ್ಟರಲ್ಲಿ "ಮಾನಸಿಕ ಹಿಂಸೆ" ಎಂಬ ಪದ ಹೇಗೋ ದೊಡ್ಡ ಸಾಹೇಬರ ಕಣ್ಣಿಗೆ ಬಿತ್ತು. ವರ್ಗಾವಣೆಗೆ ಅಡ್ಡ ಬಂದೀತೆಂದು ಅವರು ಗಾಬರಿಯಾಗಿ, ತಾವೇ ವಿಚಾರಣೆ ನಡೆಸುವುದಾಗಿ ಹೇಳಿಬಿಟ್ಟರು. ಆರೋಪ ಸಾಬೀತಾದರೆ ಸೂಪರಿಂಟೆಂಡೆಂಟನ್ನು ಮತ್ತೆ ಗುಮಾಸ್ತನಾಗಿ ಇಳಿಸುವುದು, ದೂರದ ಕಚೇರಿಗೆ ಎತ್ತಿ ಹಾಕುವುದು ಖಂಡಿತ ಎಂದು ಕಚೇರಿಯೆಲ್ಲ ಪಿಸುಗುಟ್ಟಿತು. ಹೆಂಡತಿಯ ಕಿವಿಗೂ ಅದು ಬಿತ್ತು. ಅವಳು ಅಂದು ಜಗಳವಾಡಲಿಲ್ಲ. ಡಬ್ಬಿ ಕಟ್ಟಿ ಕೈಗೆ ಕೊಡುವಾಗ, "ಮೌನಿ ಅಣ್ಣನ ಹೆಂಡತಿ ಆಸ್ಪತ್ರೇಲಿದ್ದಾಗ ನನ್ನ ಹತ್ರ ಏನು ಹೇಳಿದ್ರು ಗೊತ್ತಾ? ನಮ್ಮವರಿಗೆ ಬಾಯಿಲ್ಲ, ನಿಮ್ಮವರಿಗೆ ಬಾಯಿದೆ, ನೋಡ್ಕೊಳ್ಳಿ ಅಂದ್ರು. ಚೆನ್ನಾಗೇ ನೋಡ್ಕೊಂಡ್ರಿ," ಎಂದು ಒಳಗೆ ಹೋದಳು. ಕಚೇರಿಗೆ ಹೋಗುವ ದಾರಿಯಲ್ಲಿ ರೂಲ್ಸಣ್ಣ ಎರಡು ಸಲ ಮನೆಯ ಕಡೆ ತಿರುಗಿದ, ಆದರೆ ವಿಚಾರಣೆಯ ದಿನ ಗೈರುಹಾಜರಾಗಲು ನಿಯಮವಿರಲಿಲ್ಲ.

ದೊಡ್ಡ ಸಾಹೇಬರ ಕೊಠಡಿ. ಒಂದು ಕಡೆ ಮೌನಿ, ತಲೆ ತಗ್ಗಿಸಿ. ಇನ್ನೊಂದು ಕಡೆ ರೂಲ್ಸಣ್ಣ. ಅವನ ಬೆನ್ನ ಹಿಂದೆ ಇಸ್ತ್ರಿ ಮಾಡಿದ ಕರಿ ಕೋಟಿನಲ್ಲಿ ಭಾವಮೈದ.

"ಯಾರ್ರೀ ಇವರು?" ಎಂದರು ಸಾಹೇಬರು.

"ಅರ್ಜಿದಾರರ ಪರ ವಕೀಲ, ಸ್ವಾಮಿ!" ಎಂದು ಭಾವಮೈದ ಜೀವಮಾನದ ಮೊದಲ ವಾದಕ್ಕೆ ಗಂಟಲು ಸರಿಮಾಡಿಕೊಂಡ.

ರೂಲ್ಸಣ್ಣನ ಕೈ ತಾನಾಗಿಯೇ ಕೆಂಪು ಪುಸ್ತಕಕ್ಕೆ ಹೋಯಿತು. "ಸಾರ್, ಇಲಾಖಾ ವಿಚಾರಣೆಗೆ ಅನುಮತಿ ಇಲ್ಲದೆ ವಕೀಲರು ಬರೋ ಹಾಗಿಲ್ಲ. ನನ್ನ ಆಕ್ಷೇಪಣೆ ಇದೆ."

"ಭಾವಾ! ನಾನು ನಿಮ್ಮ ಕಡೆಯವನು!"

"ಯಾರ ಕಡೆಯವನಾದ್ರೇನು? ರೂಲ್ಸು ರೂಲ್ಸೇ. ಹೊರಗೆ ಹೋಗು."

ಜವಾನ ಭಾವಮೈದನನ್ನು ತೋಳು ಹಿಡಿದು ಹೊರಗೆ ಕರೆದುಕೊಂಡು ಹೋಗಿ ತನ್ನ ಸ್ಟೂಲಿನ ಮೇಲೆ ಕೂರಿಸಿದ.

"ಸರಿ. ಹೇಳಿಕೆ ಬರ್ಕೊಳ್ಳೋರು ಯಾರು?" ಎಂದು ಸಾಹೇಬರು ಸುತ್ತ ನೋಡಿದರು. ಕುಂದುಕೊರತೆಯ ವಿಚಾರಣೆಯ ಹೇಳಿಕೆ ಬರೆದುಕೊಳ್ಳುವವನು ಕುಂದುಕೊರತೆಯ ಗುಮಾಸ್ತ. ರೂಲ್ಸಣ್ಣ ದೂರುದಾರನ ಕುರ್ಚಿಯಿಂದ ಎದ್ದು, ಗುಮಾಸ್ತನ ಕುರ್ಚಿಯಲ್ಲಿ ಕೂತು, ಪೆನ್ನಿನ ಮುಚ್ಚಳ ತೆಗೆದ.

"ಏನ್ರೀ ಸೂಪರಿಂಟೆಂಡೆಂಟರೇ," ಎಂದರು ಸಾಹೇಬರು. "ಇಷ್ಟು ವರ್ಷ ಕಿಟಕಿ ಹತ್ರ ಇದ್ದ ಮೇಜನ್ನ ಬಾಗಿಲಿಗೆ ಎಳೆಸಿದ್ರಿ. ಆಡಳಿತಾತ್ಮಕ ಅನುಕೂಲ ಅಂತ ಬರೆದಿದೀರಿ. ಏನು ಆ ಅನುಕೂಲ?"

ಮೌನಿ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ.

"ಮಾತಾಡಿ. ನೀವು ಕಾರಣ ಹೇಳದಿದ್ರೆ ಆರೋಪ ಒಪ್ಪಿಕೊಂಡ್ರಿ ಅಂತ ಬರೀಬೇಕಾಗುತ್ತೆ."

ಮೌನಿ ಮೇಜಿನಂಚನ್ನು ಬೆರಳಿನಿಂದ ಉಜ್ಜಿದ. ಆಮೇಲೆ ನಿಧಾನವಾಗಿ ಹೇಳಿದ, "ನನಗೆ ಒಬ್ಬನೇ ಕೂತು ಊಟ ಮಾಡಕ್ಕಾಗಲ್ಲ ಸಾರ್."

"ಏನಂದ್ರಿ?"

"ಮನೇಲಿ ಹೆಂಗೂ ಒಬ್ಬನೇ. ರಾತ್ರಿ ಒಬ್ಬನೇ ಉಣ್ತೀನಿ, ಬೆಳಿಗ್ಗೆ ಒಬ್ಬನೇ. ಮಧ್ಯಾಹ್ನ ಒಂದು ಹೊತ್ತು ಇವನಿರ್ತಿದ್ದ. ಈ ಬಡ್ತಿ ಬಂದ ಮೇಲೆ ಅದೂ ಹೋಯ್ತು. ಸೂಪರಿಂಟೆಂಡೆಂಟು ಹಾಲಿಗೆ ಬಂದು ಉಣ್ಣಬಾರದು ಅಂದ. ಗುಮಾಸ್ತ ರೂಮಿಗೆ ಬಂದು ಉಣ್ಣಬಾರದು ಅಂದ. ಪುಸ್ತಕದಲ್ಲಿದೆ ಅಂದ." ಇಷ್ಟು ಮಾತು ಒಟ್ಟಿಗೆ ಆಡಿ ಅಭ್ಯಾಸವಿಲ್ಲದ ಮೌನಿ ಉಸಿರು ತೆಗೆದುಕೊಂಡ. "ಅದಕ್ಕೇ ಮೇಜನ್ನ ಹೊಸ್ತಿಲ ಮೇಲೆ ಇಡಿಸಿದೆ. ನಾನು ನನ್ನ ರೂಮಿನೊಳಗೆ ಕೂರ್ತೀನಿ, ಅವನು ಹಾಲಲ್ಲೇ ಕೂತಿರ್ತಾನೆ. ಮೇಜು ಒಂದೇ. ಹಂಗೆ ಉಣ್ಣಬಾರದು ಅಂತ ರೂಲ್ಸಿದ್ರೆ ಅವನೇ ಹೇಳ್ಲಿ ಸಾರ್."

ಸಾಹೇಬರು ಕನ್ನಡಕ ತೆಗೆದರು. "ಮತ್ತೆ ಇದನ್ನ ಮೊದಲೇ ಬಾಯಿ ಬಿಟ್ಟು ಹೇಳೋದಲ್ವೇನ್ರೀ?"

"ಆದೇಶದಲ್ಲಿ ಇದನ್ನೆಲ್ಲ ಹೆಂಗೆ ಬರೆಯೋದು ಸಾರ್?"

ಸಾಹೇಬರು ಗುಮಾಸ್ತನ ಕಡೆ ತಿರುಗಿದರು. "ಬರ್ಕೊಂಡ್ರೇನ್ರೀ?"

ರೂಲ್ಸಣ್ಣನ ಪೆನ್ನು "ನನಗೆ ಒಬ್ಬನೇ" ಎನ್ನುವಲ್ಲಿಯೇ ನಿಂತಿತ್ತು. ಕಾಗದದ ಮೇಲೆ ಎರಡು ಹನಿ ಬಿದ್ದು ಇಂಕು ಹರಡಿತ್ತು. ಕಚೇರಿ ವೇಳೆಯಲ್ಲಿ ಅಳಬಹುದೇ ಎಂಬುದನ್ನು ಅವನು ಈ ಸಲ ಯೋಚಿಸಲಿಲ್ಲ.

"ಲೋ," ಎಂದ ಅವನು. ವಿಚಾರಣೆಯ ನಡುವೆ, ಮೇಲಧಿಕಾರಿಗಳ ಸಮ್ಮುಖದಲ್ಲಿ, ಸೂಪರಿಂಟೆಂಡೆಂಟನ್ನು ಉದ್ದೇಶಿಸಿ, ಲೋ ಎಂದ. "ದಿನಾ ಪರದೆ ಸರಿಸಿ ಡಬ್ಬಿ ಇಡ್ತಿದ್ದೆಯಲ್ಲ, ಒಂದು ಸಲ ಬಾರೋ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?"

"ಕೇಸು ಹಾಕಿದ್ಯಲ್ಲ. ಮಾತಾಡಿಸಬಹುದಾ ಇಲ್ವಾ ಗೊತ್ತಾಗಲಿಲ್ಲ," ಎಂದ ಮೌನಿ.

"ರೀ, ಅದೆಲ್ಲ ಆಮೇಲೆ," ಎಂದು ಸಾಹೇಬರು ಮೇಜು ತಟ್ಟಿದರು. "ಹೊಸ್ತಿಲ ಮೇಲೆ ಊಟ ಮಾಡಬಾರದು ಅಂತ ನಿಯಮ ಇದೆಯಾ ಇಲ್ವಾ? ನೋಡಿ ಹೇಳಿ."

ರೂಲ್ಸಣ್ಣ ಕೆಂಪು ಪುಸ್ತಕ ತೆರೆದು ಹುಡುಕಿದ. ಕಣ್ಣು ಮಂಜಾಗಿ ಅಕ್ಷರ ಕಾಣುತ್ತಿರಲಿಲ್ಲ. ಆದರೂ ಹಾಳೆ ಹಾಳೆ ತಿರುವಿದ, ಅಡಿಟಿಪ್ಪಣಿಗಳನ್ನೂ ಬಿಡಲಿಲ್ಲ. ಕೊನೆಗೆ ಪುಸ್ತಕ ಮುಚ್ಚಿ, "ಇಲ್ಲ ಸಾರ್. ಎಲ್ಲೂ ಇಲ್ಲ," ಎಂದ. ಇಷ್ಟು ವರ್ಷದಲ್ಲಿ ಒಂದು ನಿಯಮ ಇಲ್ಲವೆಂದು ಅವನು ಸಂತೋಷಪಟ್ಟಿದ್ದು ಅದೇ ಮೊದಲು.

"ಹಂಗಾದ್ರೆ ಏನು ಆದೇಶ ಮಾಡೋಣ?"

"ಪರಿಶೀಲಿಸಿ ಮಂಡಿಸ್ತೀನಿ ಸಾರ್."

ಅರ್ಜಿದಾರರ ಮನವಿಯನ್ನು ತಿರಸ್ಕರಿಸಲಾಗಿದೆ. ಸದರಿ ಮೇಜು ಆಡಳಿತಾತ್ಮಕ ಅನುಕೂಲಕ್ಕಾಗಿ ಇದ್ದಲ್ಲಿಯೇ ಮುಂದುವರಿಯತಕ್ಕದ್ದು. ಈ ಆದೇಶದ ಕರಡನ್ನು ರೂಲ್ಸಣ್ಣನೇ ಬರೆದ, ಎಡ ಅಂಚು ಸಾಕಷ್ಟು ಬಿಟ್ಟು. ಭಾವಮೈದನಿಗೆ ಮಾತ್ರ ಬಹಳ ದುಃಖವಾಯಿತು; ಮೇಲ್ಮನವಿ ಹಾಕೋಣ ಎಂದು ಇನ್ನೂ ಎಷ್ಟೋ ದಿನ ಹೇಳುತ್ತಲೇ ಇದ್ದ. ಬೀದಿಯವರಿಗೂ ನಿರಾಸೆಯಾಯಿತು. ಕ್ಷೌರದವನು ಮತ್ತೆ ತನಗೆ ತೋಚಿದಂತೆ ಕತ್ತರಿಸತೊಡಗಿದ. ಇಬ್ಬರೂ ನಿವೃತ್ತರಾಗುವವರೆಗೆ ಆ ಬಾಗಿಲು ಮುಚ್ಚಲಾಗಲಿಲ್ಲ. ಸೂಪರಿಂಟೆಂಡೆಂಟನ್ನು ಕಾಣಬೇಕಾದವರೆಲ್ಲ ಮೇಜಿನ ಪಕ್ಕದ ಸಂದಿನಲ್ಲಿ ಹೊಟ್ಟೆ ಒಳಗೆಳೆದುಕೊಂಡು ಹೋಗಬೇಕಿತ್ತು. ಇಂದು ಆ ಕಟ್ಟಡವಿಲ್ಲ. ಹೊಸ ಕಟ್ಟಡದಲ್ಲಿ ಎಲ್ಲರಿಗೂ ಗಾಜಿನ ಗೋಡೆಗಳಿವೆಯಂತೆ. ಹೊಸ್ತಿಲೇ ಇಲ್ಲವಂತೆ.

ವಿಚಾರಣೆಯ ದಿನ ಮಧ್ಯಾಹ್ನ ಗಂಟೆ ಹೊಡೆದಾಗ ಜವಾನ ಪರದೆಯನ್ನು ಎತ್ತಿ ಕಟ್ಟಿದ. ಮೌನಿ ಒಳಗೆ ಕೂತ, ರೂಲ್ಸಣ್ಣ ಹೊರಗೆ ಕೂತ, ಡಬ್ಬಿಗಳು ಹೊಸ್ತಿಲು ದಾಟಿದವು. ಮೌನಿ ಉಪ್ಪಿಲ್ಲದ ಪಲ್ಯವನ್ನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದ. ರೂಲ್ಸಣ್ಣ ಮೌನಿಯ ಡಬ್ಬಿ ತೆರೆದು, ಕಪ್ಪಗಾದ ತುಂಡೊಂದನ್ನು ಅಗಿಯತೊಡಗಿದ.

"ಹೆಂಗಿದೆ?" ಎಂದ ಮೌನಿ. ಇಷ್ಟು ದಿನದಲ್ಲಿ ಅವನು ಕೇಳಿದ್ದು ಇದೇ ಮೊದಲು.

"ಸೀದು ಹೋಗಿದೆ."

"ದಿನಾ ಸೀದು ಹೋಗಿರುತ್ತಾ?"

"ಎರಡು ವರ್ಷದಿಂದ."

ಮೌನಿ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಇಳಿಸಿದ. "ಎರಡು ವರ್ಷದಿಂದ ತಿಂತಾನೇ ಇದೀಯಾ? ಒಂದು ಮಾತು ಹೇಳ್ಬಾರದೇನೋ?"

"ಹೂಂ, ನೀನು ಎಲ್ಲಾ ಹೇಳ್ಬಿಟ್ಟೆ ನೋಡು," ಎಂದು ರೂಲ್ಸಣ್ಣ ಡಬ್ಬಿಯ ತಳ ಕೆರೆದು ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡ.